ಪ್ರಾಸ್ಪರ್ ಮೇಲಿನ ಐರಿಷ್ ಆಕಾಶ

ಅವರು ಕುರ್ಚಿಯಲ್ಲಿ ಕೂತಿದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಟೆಕ್ಸಸ್ಸಿನಲ್ಲಿ, ಡಾಲಸ್ ಪಕ್ಕದ ಪ್ಲೇನೋದ ನಮ್ಮ ಆಫೀಸಿನಲ್ಲಿ ಮೀಟಿಂಗ್ ಎಂದರೆ ಎಲ್ಲರೂ ಮೇಜಿನ ಸುತ್ತ, ಅವರೊಬ್ಬರು ಕಿಟಕಿಯ ಹತ್ತಿರ. ಕೈಯಲ್ಲಿ ಕಾರಿನ ಕೀ ತಿರುಗುತ್ತಲೇ ಇರುತ್ತಿತ್ತು. ಮ್ಯಾನೇಜರ್ ಪರದೆಯ ಮೇಲೆ ಏನೋ ತೋರಿಸುತ್ತಿದ್ದರೆ ಇವರ ಕಣ್ಣು ಪಾರ್ಕಿಂಗ್ ಲಾಟಿನ ಮೇಲಿದ್ದ ಮೋಡದ ಮೇಲೆ. ಒಮ್ಮೆ ರಿಲೀಸಿನ ಹಿಂದಿನ ದಿನ, ಎಲ್ಲರ ಜೀವ ಬಾಯಿಗೆ ಬಂದಿದ್ದಾಗ, ನನ್ನ ಕಡೆ ಬಗ್ಗಿ, "ತಂಗೀ, ಗಾಳಿ ತಿರಗೇದ ನೋಡ್ರಿ. ಒಂದು ತಾಸು ಬಿಟ್ಟು ಬರ್ತೀನಿ" ಎಂದು ಹೇಳಿ ಹೊರಟೇಬಿಟ್ಟರು. ಹೊಸದಾಗಿ ಆ ಟೀಮು ಸೇರಿದ್ದ ನನಗೆ ಈ ಮನುಷ್ಯ ಇಲ್ಲಿ ಹೇಗೆ ಇಷ್ಟು ವರ್ಷ ಬಾಳಿದರು ಎಂದೇ ಆಶ್ಚರ್ಯ. ಬಾಳಿದ್ದಕ್ಕೆ ಕಾರಣ ಇತ್ತು. ಟೆಸ್ಟಿಂಗಿನಲ್ಲಿ ಅವರ ಕಣ್ಣು ತಪ್ಪಿಸಿ ಒಂದು ತಪ್ಪೂ ಹೊರಗೆ ಹೋಗುತ್ತಿರಲಿಲ್ಲ.

ಹೆಸರು ಬರೆಯುವುದಿಲ್ಲ. ಬರೆದರೆ ಅವರ ಹೆಂಡತಿಗೆ, ನಮ್ಮ ಆಂಟಿಗೆ, ಸೇರುವುದಿಲ್ಲ. ಡಾಲಸ್ಸಿನ ಕನ್ನಡದವರಿಗೆ ಹೆಸರು ಬೇಕಾಗಿಯೂ ಇಲ್ಲ. "ಗೃಹಪ್ರವೇಶಕ್ಕೆ ದನದ ಚಿತ್ರ ಕೊಡ್ತಿದ್ರಲ್ಲ, ಆ ಅಂಕಲ್" ಎಂದರೆ ಸಾಕು. ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ, ಪಕ್ಕದ ಮರ್ಫಿ ಊರಿನಲ್ಲಿದ್ದ ತಮ್ಮ ಮನೆಯಲ್ಲಿ ಚಹಾ ಕುಡಿಯುತ್ತ ನಿಂತಲ್ಲೇ ಹೋಗಿಬಿಟ್ಟರು. ನಿಂತಲ್ಲೇ ಎಂದು ಕೇಳಿದಾಗ, ಅಳುವಿನ ನಡುವೆಯೂ, ಇದು ಅವರಿಗೆ ತಕ್ಕ ಹಾಗೇ ಇದೆ ಅನ್ನಿಸಿತು.

ಧಾರವಾಡದವರು. ಚಿತ್ರ ಬಿಡಿಸುವ ಹುಚ್ಚು ಚಿಕ್ಕಂದಿನಿಂದ ಇತ್ತಂತೆ, ಇಂಜಿನಿಯರಿಂಗ್ ಸೇರಿದ ಮೇಲೆ ಕೈಬಿಟ್ಟಿತ್ತಂತೆ. ಅದು ಮತ್ತೆ ಹೊತ್ತಿಕೊಂಡದ್ದು ಡಬ್ಲಿನ್ನಿನಲ್ಲಿ. ಯಾವುದೋ ಪ್ರಾಜೆಕ್ಟಿಗೆಂದು ಕಂಪನಿಯವರು ಅಲ್ಲಿಗೆ ಕಳಿಸಿದ್ದರು. ಒಂದು ಶನಿವಾರ ಮಳೆ ತಪ್ಪಿಸಿಕೊಳ್ಳಲು ಸಿಕ್ಕ ಬಾಗಿಲೊಳಗೆ ನುಗ್ಗಿದರು. ಅದು ಚಿತ್ರಶಾಲೆ. ಒಂದು ಗೋಡೆಯ ತುಂಬ ಹತ್ತೊಂಬತ್ತನೇ ಶತಮಾನದ ಒಬ್ಬ ಐರಿಷ್ ಚಿತ್ರಕಾರನ ಚಿತ್ರಗಳು. ಒಂದಿಷ್ಟು ಹುಲ್ಲು, ನಾಲ್ಕಾರು ದನ, ಉಳಿದದ್ದೆಲ್ಲ ಆಕಾಶ. ಹೊರಗೆ ಮಳೆ ನಿಂತಿತು, ಇವರು ಹೊರಗೆ ಬರಲಿಲ್ಲ. ಕಾವಲಿನವನು ಬಾಗಿಲು ಹಾಕಬೇಕು ಎಂದು ಹೇಳಿ ಕಳಿಸಬೇಕಾಯಿತು.

ಆಮೇಲೆ ಆ ಐರಿಷ್ ಮನುಷ್ಯ ನಮ್ಮ ಆಫೀಸಿನ ಲಂಚಿಗೂ ಬರತೊಡಗಿದ. ಆಂಟಿ ಕಟ್ಟಿಕೊಟ್ಟ ಚಪಾತಿ ಪಲ್ಯವನ್ನು ನಿಂತುಕೊಂಡೇ ತಿನ್ನುತ್ತ ಅಂಕಲ್ ಅವನ ಪುರಾಣ ಹೇಳುತ್ತಿದ್ದರು.

"ಅವನೂ ನಮ್ಮಂಗ ಇಂಜಿನಿಯರ್ ಇದ್ದ ತಂಗೀ. ರೈಲಿನ ಹಳಿ ಹಾಕ್ಸೂ ಕೆಲಸ. ಒಂದಿನ ಸಾಕಾತು ಅಂತ ಬಿಟ್ಟ. ಬಿಟ್ಟು ಫ್ರಾನ್ಸಿಗೆ ಹೋದ. ಅಲ್ಲೆ ಅಡವಿ ಬಾಜೂಕ ಒಂದು ಹಳ್ಳ್ಯಾಗ ಉಳಕೊಂಡು ದಿನಾ ಹೊರಗ ಕೂತು ಬಣ್ಣ ಹಚ್ಚಿದ. ಆಮ್ಯಾಲೆ ತನ್ನೂರಿಗೆ ವಾಪಸ್ ಬಂದು, ಸಮುದ್ರದ ದಂಡಿಗೆ ಹೊಲಾ ಇತ್ತು, ಅಲ್ಲೇ ತನ್ನ ದನಾನ ತಾನ ಚಿತ್ರಾ ಬರಕೋತ ಮುದುಕ ಆದ."

"ಅವನಿಗೆ ಜಮೀನಿತ್ತು ಅಂಕಲ್. ನಿಮಗೆ ಮಾರ್ಟ್‌ಗೇಜ್ ಇದೆ" ಎಂದೆ ನಾನು.

"ಅದ ನೋಡ್ರಿ ಫರಕ" ಎಂದು ಬಾಯಿ ತುಂಬ ನಕ್ಕರು. ನಕ್ಕು ಮತ್ತೆ ಕಿಟಕಿಯ ಕಡೆ ತಿರುಗಿದರು.

ಅವನ ಚಿತ್ರಗಳನ್ನು ಫೋನಿನಲ್ಲಿ ತೋರಿಸಿ ನನಗೆ ಪಾಠವನ್ನೂ ಮಾಡಿದ್ದರು. ಕೆಳಗೆ ನಾಲ್ಕು ಬೆರಳಿನಷ್ಟು ನೆಲ. ಅದರ ಮೇಲೆ ಬರೀ ಆಕಾಶ. ಬಣ್ಣಗಳು ಕೆಲವೇ: ಬೂದು, ಮಣ್ಣು, ಮಾಸಿದ ಹಸಿರು, ಬಿಳಿ. ಕುಂಚ ಅಗಲದ್ದು. ಒಂದು ಬಣ್ಣ ಒಣಗುವ ಮೊದಲೇ ಅದರ ಮೇಲೆ ಇನ್ನೊಂದು ಎಳೆದು ಬಿಡುತ್ತಾನೆ, ಮತ್ತೆ ಮುಟ್ಟುವುದಿಲ್ಲ. ದನಗಳಿಗೆ ಕಣ್ಣು ಮೂಗು ಇರುವುದಿಲ್ಲ. ಆದರೂ ಅವು ಯಾಕೆ ಹಾಗೆ ನಿಂತಿವೆ ಎಂದು ಗೊತ್ತಾಗುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಂತಿವೆ. ಮನೆಯಲ್ಲಿ ಕ್ಯಾಲೆಂಡರಿನ ಸರಸ್ವತಿಯನ್ನು ನೋಡಿ ಬೆಳೆದ ನನಗೆ ಇದೆಲ್ಲ ಮೊದಮೊದಲು ಸಪ್ಪೆ ಎನಿಸಿತ್ತು. ಒಂದು ದಿನ ಟೋಲ್‌ವೇ ಪಕ್ಕದ ಬಯಲಲ್ಲಿ ದನಗಳು ಸಾಲಾಗಿ ಉತ್ತರಕ್ಕೆ ಬೆನ್ನು ಮಾಡಿ ನಿಂತದ್ದು ಕಂಡಾಗ ಮಾತ್ರ, "ಅರೆ, ಹೌದಲ್ಲ" ಎಂದು ಕಾರಿನಲ್ಲಿ ಒಬ್ಬಳೇ ಜೋರಾಗಿ ಹೇಳಿಕೊಂಡೆ.

ಆ ವರ್ಷಗಳಲ್ಲಿ ನಮ್ಮವರೆಲ್ಲ ಡಾಲಸ್ಸಿನ ಉತ್ತರಕ್ಕಿರುವ ಪ್ರಾಸ್ಪರ್ ಕಡೆ ಲಾಟ್, ಅಂದರೆ ಸೈಟು, ಬುಕ್ ಮಾಡುತ್ತಿದ್ದರು. ನಿನ್ನೆಯವರೆಗೆ ಹುಲ್ಲುಗಾವಲು, ನಾಳೆ ಮಾಡೆಲ್ ಹೋಮ್. ಕೃಷಿ ಭೂಮಿ ಎಂದು ತೋರಿಸಿ ತೆರಿಗೆ ಉಳಿಸಲೆಂದು ಜೆಸಿಬಿ ಬರುವ ದಿನದವರೆಗೂ ಅಲ್ಲಿ ದನ ಮೇಯಲು ಬಿಟ್ಟಿರುತ್ತಿದ್ದರು. ಯಾರಾದರೂ ಕನ್ನಡದವರು ಲಾಟ್ ತೆಗೆದುಕೊಂಡರು ಎಂದು ಕಿವಿಗೆ ಬಿದ್ದರೆ ಅಂಕಲ್ ಅಡ್ರೆಸ್ ಕೇಳಿಕೊಂಡು ಲಂಚ್ ಹೊತ್ತಿಗೆ ಹೊರಟುಬಿಡುತ್ತಿದ್ದರು. ಕಾರಿನ ಹಿಂದೆ ಮಡಚುವ ಸ್ಟ್ಯಾಂಡು, ಬಣ್ಣದ ಡಬ್ಬ. ಇನ್ನೂ ಮನೆ ಏಳದ ಆ ಜಾಗ ಹೇಗಿತ್ತೋ ಹಾಗೆ, ಹುಲ್ಲು, ದನ, ಆಕಾಶ ಸಮೇತ ಬಿಡಿಸಿ, ಗೃಹಪ್ರವೇಶದ ದಿನ ತಂದು ಕೊಡುತ್ತಿದ್ದರು. ಬೇರೆಯವರು ಬೆಳ್ಳಿ ಬಟ್ಟಲು, ಗಣಪತಿ ಕೊಟ್ಟರೆ ಇವರದು ಇದು.

"ನಿಮ್ಮ ಮನಿ ಬರೂಕಿಂತ ಮೊದಲ ಇಲ್ಲೆ ಯಾರಿದ್ರು ಅನ್ನೂದು ನೆನಪಿರ್ಲಿ" ಎನ್ನುತ್ತಿದ್ದರು.

ಜನಕ್ಕೆ ಅದನ್ನು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ದೇವರಿಲ್ಲ, ಹೂವಿಲ್ಲ, ಕವಿದ ಮೋಡ ಬೇರೆ. ಈಶಾನ್ಯಕ್ಕೆ ಮೋಡ ಬರಬಾರದು ಎಂದು ವಾಸ್ತು ಬಲ್ಲವರೊಬ್ಬರು ಹೇಳಿದ್ದರಂತೆ. ಹೀಗಾಗಿ ಬಹಳಷ್ಟು ಚಿತ್ರಗಳು ಗೆಸ್ಟ್ ಬಾತ್‌ರೂಮಿನ ಗೋಡೆ ಸೇರಿದವು. ಒಂದು ಮನೆಯಲ್ಲಿ ದಸರೆಯ ಬೊಂಬೆಗಳ ಹಿಂದೆ ಅಡ್ಡ ಇಟ್ಟಿದ್ದರು. ಪಟ್ಟದ ಬೊಂಬೆಗಳ ತಲೆಯ ಮೇಲೆ ದನ ಮೇಯುತ್ತಿದ್ದವು.

ನಮ್ಮ ಚಿತ್ರದ ಕಥೆ ಬೇರೆ. ಪ್ರಾಸ್ಪರಿನ ನಮ್ಮ ಮನೆಯ ಗೃಹಪ್ರವೇಶಕ್ಕೆ ಮೈಸೂರಿನಿಂದ ಅತ್ತೆ ಬಂದಿದ್ದರು. ಅತ್ತೆಯ ಕಣ್ಣಿಗೆ ಹೊಸದು ಎಂದು ಬಿದ್ದದ್ದಕ್ಕೆಲ್ಲ ಅರಿಶಿನ ಕುಂಕುಮ ಆಗಬೇಕು. ಬಾಗಿಲಿಗಾಯಿತು, ಒಲೆಗಾಯಿತು, ಫ್ರಿಜ್ಜಿಗಾಯಿತು, ಡಿಶ್‌ವಾಷರಿಗೂ ಆಯಿತು. ಅಷ್ಟರಲ್ಲಿ ಅಂಕಲ್ ಚಿತ್ರ ತಂದು ಗೋಡೆಗೆ ಒರಗಿಸಿದರು. ಎಣ್ಣೆ ಬಣ್ಣ ಒಣಗಲು ವಾರಗಟ್ಟಲೆ ಬೇಕು. ಮುಹೂರ್ತ ತಪ್ಪಬಾರದೆಂದು ಹಸಿಹಸಿಯಾಗಿಯೇ ತಂದಿದ್ದರು. ಯಾರಿಗೂ ಹೇಳಿರಲಿಲ್ಲ. ಅತ್ತೆ ಬಂದವರೇ ಬಟ್ಟಲಿಗೆ ಬೆರಳದ್ದಿ, ಆಕಾಶದ ಮೂಲೆಯಲ್ಲಿ ಒತ್ತಿ ಅರಿಶಿನ, ಅದರ ಮೇಲೆ ಕುಂಕುಮ ಇಟ್ಟರು. ಬೆರಳು ಜಾರಿತು. ಬೂದು ಮೋಡದೊಳಗೆ ಕೆಂಪು ಹಳದಿ ಗೆರೆ ಗೇಣುದ್ದ ಎಳೆದುಕೊಂಡು ಹೋಯಿತು.

"ಅಯ್ಯೋ, ಇದು ಒಣಗೇ ಇಲ್ವಲ್ಲಮ್ಮ!" ಎಂದು ಅತ್ತೆ ಸೆರಗಿನಿಂದ ಒರೆಸಲು ಹೋದರು. ನಾನು ಅವರ ಕೈ ಹಿಡಿದುಕೊಂಡೆ.

ಮನೆ ತುಂಬ ಜನ. ಅಂಕಲ್ ಮುಖ ಒಂದು ಕ್ಷಣ ಬಿಳಿಚಿಕೊಂಡಿತು. ಆಮೇಲೆ, "ಇರ್ಲಿ ಬಿಡ್ರಿ ಅವ್ವಾರ. ಫ್ರಿಜ್ಜಿಗೆ ಹಚ್ಚಿದ ಮ್ಯಾಲೆ ಆಕಾಶಕ್ಕ ಹಚ್ಚಲಿಕ್ಕೆ ಏನು?" ಎಂದರು. ಎಲ್ಲರೂ ನಕ್ಕರು. ಅವರು ಊಟ ಮಾಡದೆ ಹೋದದ್ದು ನನಗೆ ಸಂಜೆ ಗೊತ್ತಾಯಿತು. ಕುಂಕುಮ ಬಿದ್ದ ಮೇಲೆ ಅದು ಪೂಜೆ ಆದ ವಸ್ತು, ಬಾತ್‌ರೂಮಿಗೆ ಹೋಗಕೂಡದು ಎಂದು ಅತ್ತೆ ಅಪ್ಪಣೆ ಮಾಡಿದ್ದರಿಂದ ನಮ್ಮ ಚಿತ್ರ ಹಾಲಿನಲ್ಲಿ ಕೂತಿತು.

ಕೆಲವು ವರ್ಷಗಳಾದ ಮೇಲೆ ಆಸ್ಟಿನ್ನಿನಲ್ಲಿ ಸಣ್ಣ ಗ್ಯಾಲರಿ ನಡೆಸುತ್ತಿದ್ದ ಒಬ್ಬ ಅಮೆರಿಕನ್ ಹೆಂಗಸು, ಸ್ವತಃ ಚಿತ್ರಕಾರ್ತಿ, ಒಂದು ವಾರ ಇವರ ಚಿತ್ರಗಳನ್ನು ಹಾಕುತ್ತೇನೆ ಎಂದರು. ಆದರೆ ಅಂಕಲ್ ಹತ್ತಿರ ಒಂದು ಚಿತ್ರವೂ ಇರಲಿಲ್ಲ. ಎಲ್ಲ ಊರವರ ಮನೆಯಲ್ಲಿ. ಒಟ್ಟುಗೂಡಿಸಲು ನಾನೂ ಜೊತೆಗೆ ಹೋದೆ. ಮರ್ಫಿ, ಪ್ರಾಸ್ಪರ್ ಸುತ್ತಿ, ಹ್ಯೂಸ್ಟನ್ನಿಗೆ ಶಿಫ್ಟ್ ಆದವರ ಬೆನ್ನು ಹತ್ತಿ, ಆ ಊರಿನ ಪಕ್ಕದ ಸೈಪ್ರೆಸ್‌ವರೆಗೆ ನಾಲ್ಕು ತಾಸು ಡ್ರೈವ್ ಮಾಡಿದೆವು. ಪ್ರಾಸ್ಪರಿನ ಹುಲ್ಲು ಸೈಪ್ರೆಸ್ಸಿನ ಲಾಂಡ್ರಿ ರೂಮಿನಲ್ಲಿ ನೇತಾಡುತ್ತಿತ್ತು. ಬಾತ್‌ರೂಮಿನಿಂದ ತಂದು ಕೊಡುವಾಗ ಮನೆಯವರು ನಾಚಿಕೊಂಡು ಏನೇನೋ ಹೇಳುತ್ತಿದ್ದರು. ಅಂಕಲ್ ಕಿವಿಗೆ ಅದು ಬೀಳುತ್ತಲೇ ಇರಲಿಲ್ಲ.

"ಎಲ್ಲಾ ಒಂದ ಕಡೆ ಇಟ್ಟು ನೋಡಿದ್ರ ಗೊತ್ತಾಗ್ತದ ತಂಗೀ" ಎಂದರು ದಾರಿಯಲ್ಲಿ. "ನಾ ಚಿತ್ರಗಾರನೋ, ಬರೇ ಹುಚ್ಚನೋ ಅಂತ."

ಪ್ರದರ್ಶನದ ದಿನ ಡಾಲಸ್ಸು, ಹ್ಯೂಸ್ಟನ್ನಿನಿಂದ ನಮ್ಮವರು ಸಂಸಾರ ಸಮೇತ ಬಂದರು. ರೇಷ್ಮೆ ಸೀರೆ, ಚಕ್ಕುಲಿ ಡಬ್ಬ, ಏನೂ ಬಾಕಿ ಇಲ್ಲ. ಬಂದವರೆಲ್ಲ ನೇರ ತಮ್ಮ ತಮ್ಮ ಲಾಟಿನ ಮುಂದೆ ಹೋಗಿ ನಿಂತರು. "ಈ ಹಸು ನಿಂತಿದೆಯಲ್ಲ, ಅದೇ ನಮ್ ಕಿಚನ್ನು" ಎಂದು ಒಬ್ಬರು. "ನಿಮ್ಮದು ಇನ್ನೂ ಆ ಕಡೆ ಕಣ್ರೀ, ಅದು ನಮ್ ಗರಾಜು" ಎಂದು ಇನ್ನೊಬ್ಬರು. ಅಂಕಲ್ ಮೂಲೆಯಲ್ಲಿ ನಿಂತು ಒಬ್ಬೊಬ್ಬರ ಬಾಯನ್ನೂ ನೋಡುತ್ತಿದ್ದರು. ಬಣ್ಣದ ಬಗ್ಗೆ ಯಾರಾದರೂ ಒಂದು ಮಾತು ಆಡಿಯಾರು ಎಂದು. ನನಗೆ ಅದು ಕಾಣುತ್ತಿತ್ತು. ಆದರೂ ನಾನು ಚಕ್ಕುಲಿ ತಿನ್ನುತ್ತ ನಿಂತೆ.

ಬಣ್ಣದ ಮಾತನ್ನು ಆಡಿದವರು ಆ ಗ್ಯಾಲರಿಯ ಹೆಂಗಸು. ಜನ ಕರಗಿದ ಮೇಲೆ ಒಂದೊಂದರ ಮುಂದೆಯೂ ನಿಂತು ಬಂದು, ಪ್ರೀತಿಯಿಂದಲೇ ಹೇಳಿದರು: ನೆಲ ಟೆಕ್ಸಸ್ಸಿನದು, ದನ ಟೆಕ್ಸಸ್ಸಿನವು. ಆಕಾಶ ಮಾತ್ರ ಎಲ್ಲದರಲ್ಲೂ ನಿನ್ನ ಆ ಐರಿಷ್ ಗುರುವಿನದು. ಇಲ್ಲಿಯ ಆಕಾಶ ಇಷ್ಟು ಒದ್ದೆ ಅಲ್ಲ. ಕೊನೆಗೆ ನಮ್ಮ ಚಿತ್ರದ ಹತ್ತಿರ ಬಗ್ಗಿ, ಕೆಂಪು ಗೆರೆಯ ಮೇಲೆ ಕಣ್ಣಿಟ್ಟು ಕೇಳಿದರು: ಈ ಮೂಲೆಯಲ್ಲಿ ಏನು ಮಾಡಿದೆ? ಇದೊಂದು ಇಲ್ಲಿಯದು.

ಅಂಕಲ್ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಅತ್ತೆಯ ಬೆರಳಿನ ಕಥೆ ಹೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಫೋನಿನಲ್ಲಿ ಅತ್ತೆಗೆ ಹೇಳಿದಾಗ ಅವರು ಮಾತ್ರ, "ನೋಡು, ಕುಂಕುಮ ಇಟ್ಟದ್ದು ಎಲ್ಲಾದ್ರೂ ಕೆಟ್ಟದ್ದು ಆಗತ್ತಾ?" ಎಂದು ಬೀಗಿದರು.

ಡಾಲಸ್ಸಿಗೆ ಮರಳುವ ದಾರಿಯಲ್ಲಿ, ಹೈವೇ ಪಕ್ಕ ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗ, ಅಂಕಲ್ ಪಂಪ್ ಹಿಡಿದುಕೊಂಡೇ ಮೇಲೆ ನೋಡುತ್ತಿದ್ದರು. ಸಂಜೆಯ ಬಿಸಿಲು. ಒಂದು ಮೋಡ ಇಲ್ಲ. ಕಣ್ಣು ಚುಚ್ಚುವಂಥ ಖಾಲಿ ಆಕಾಶ.

"ಇಷ್ಟು ವರ್ಷ ಡಬ್ಲಿನ್ ಮಳಿ ತಂದು ಎಲ್ಲಾರ ಮನಿ ಮ್ಯಾಲ ಸುರುವೇನಿ ತಂಗೀ."

"ಅವರು ಹೇಳಿದ್ದನ್ನ ಅಷ್ಟು ಮನಸ್ಸಿಗೆ ಹಚ್ಕೋಬೇಡಿ ಅಂಕಲ್."

"ಇಲ್ಲ, ಖರೇ ಹೇಳ್ಯಾಳ. ಅವನೂ ಮೊದಲ ಫ್ರಾನ್ಸಿನ ಆಕಾಶಾನ ಹೊತಗೊಂಡು ಬಂದಿದ್ದ. ತನ್ನೂರ ಆಕಾಶ ಕೈಗೆ ಹತ್ತೂತನ ಅವನ ತಲಿ ಬೆಳ್ಳಗಾಗಿತ್ತು." ಪಂಪನ್ನು ಮತ್ತೆ ಜಾಗದಲ್ಲಿ ಸಿಕ್ಕಿಸಿ, "ಒಂದು. ಭಾಳ ಬ್ಯಾಡ. ನಂದು ಅನ್ನೂಹಂಗ ಒಂದ ಒಂದು ಆಕಾಶ ಬರ್ಬೇಕು ನನಗ" ಎಂದರು. ಐವತ್ತು ದಾಟಿದ ಗಂಡಸು ಹಾಗೆ ಬೇಡುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅಲ್ಲಿಂದ ಶುರುವಾಯಿತು ಅವರ ಹೊಸ ಅವತಾರ. ಗ್ಯಾಲರಿಯಲ್ಲಿ ಕೂತು ಬಂದ ಮೇಲೆ ಚಿತ್ರಗಳಿಗೆ ಎಲ್ಲರ ಮನೆಯಲ್ಲೂ ಮರ್ಯಾದೆ ಹೆಚ್ಚಿತ್ತು. ಬಾತ್‌ರೂಮಿನಿಂದ ಹಾಲಿಗೆ ಬಡ್ತಿ ಆಗಿತ್ತು. ಆದರೆ ಶನಿವಾರ ಬಂತೆಂದರೆ ಯಾರದೋ ಮನೆಯ ಬಾಗಿಲಲ್ಲಿ ಅಂಕಲ್, ಕೈಯಲ್ಲಿ ಬಣ್ಣದ ಡಬ್ಬ. "ನೆಲ ಮುಟ್ಟೂದಿಲ್ಲ. ಆಕಾಶ ಅಷ್ಟ." ಕಾರ್ಪೆಟ್ಟಿನ ಮೇಲೆ ಹಳೇ ಬೆಡ್‌ಶೀಟ್ ಹಾಸಿ, ಚಿತ್ರ ಇಳಿಸಿ, ಅಲಗಿನಿಂದ ಆಕಾಶವನ್ನೆಲ್ಲ ಹೆರೆದು ತೆಗೆದು, ಹೊರಗೆ ಪ್ಯಾಟಿಯೋಗೆ ಹೋಗಿ ನೋಡಿ ಬಂದು, ಮತ್ತೆ ಬಣ್ಣ. ಮನೆಯವರು, "ಚೆನ್ನಾಗೇ ಇದೆ ಬಿಡಿ ಅಂಕಲ್, ಉಪ್ಪಿಟ್ಟು ತಿನ್ನಿ" ಎಂದರೆ ಉಪ್ಪಿಟ್ಟು ತಿನ್ನುತ್ತಿದ್ದರು, ಬಿಡುತ್ತಿರಲಿಲ್ಲ. ನನ್ನ ಮಗಳು, "ಅಮ್ಮಾ, ಅಂಕಲ್ ಈಸ್ ಇರೇಸಿಂಗ್ ಅವರ್ ಸ್ಕೈ ಅಗೇನ್" ಎಂದು ಮಹಡಿಯಿಂದ ಕೂಗುತ್ತಿದ್ದಳು. ಸೈಪ್ರೆಸ್ಸಿನಲ್ಲಿ ಸಿಡಿಲು ಮಳೆ ಎಂದು ಹವಾಮಾನದವರು ಹೇಳಿದರೆ, ಬೆಳಕು ಸಿಗುತ್ತದೆಂದು ಅಲ್ಲಿಯವರೆಗೂ ಹೋಗುತ್ತಿದ್ದರು.

ಒಂದು ಏಪ್ರಿಲ್ ಸಂಜೆ ಅಂಕಲ್ ಆಂಟಿ ಇಬ್ಬರೂ ನಮ್ಮ ಮನೆಯಲ್ಲಿದ್ದಾಗ ಟೊರ್ನಾಡೋ ಸೈರನ್ ಕೂಗಿತು. ನಾವೆಲ್ಲ ಮೆಟ್ಟಿಲ ಕೆಳಗಿನ ಕ್ಲಾಸೆಟ್ಟಿನಲ್ಲಿ ಉಸಿರು ಹಿಡಿದು ಕೂತಿದ್ದೇವೆ, ಅಂಕಲ್ ಇಲ್ಲ. ಆಂಟಿ ಒಳಗಿನಿಂದಲೇ ಅವರ ಹೆಸರು ಹಿಡಿದು ಬೈಯುತ್ತಿದ್ದರು. ಎಷ್ಟೋ ಹೊತ್ತಾದ ಮೇಲೆ ಒದ್ದೆಮುದ್ದೆಯಾಗಿ ಬಂದರು. ಆಲಿಕಲ್ಲು ಬಡಿದು ಕಿವಿಯ ಹತ್ತಿರ ಊದಿತ್ತು.

"ಹಸರು ತಂಗೀ! ಆಕಾಶ ಖರೇನ ಹಸರು ಆಗಿತ್ತು!"

"ಇನ್ನೊಂದೀಟು ಬಾಜೂಕ ಬಡದಿದ್ರ ಕೆಂಪೂ ಆಗ್ತಿತ್ತು" ಎಂದರು ಆಂಟಿ. ಬೈಯುತ್ತಲೇ ಟವೆಲ್ ತೆಗೆದುಕೊಂಡು ಗಂಡನ ತಲೆಯನ್ನು ಮಗುವಿನ ತಲೆ ಒರೆಸಿದ ಹಾಗೆ ಒರೆಸಿದರು.

ನಮ್ಮ ಮನೆಗೆ ಅವರು ಕಡೆಯ ಸಲ ಬಂದದ್ದು ದೀಪಾವಳಿಯ ಆಚೀಚೆ. ಆ ಹೊತ್ತಿಗೆ ನಮ್ಮ ಆಕಾಶ ಎಷ್ಟು ಸಲ ಬದಲಾಗಿತ್ತೋ ದೇವರಿಗೇ ಗೊತ್ತು. ಅತ್ತೆಯ ಕೆಂಪು ಗೆರೆಯನ್ನು ಮಾತ್ರ ಹೆರೆದಿರಲಿಲ್ಲ. ಅದನ್ನು ನೋಡುತ್ತ ನೋಡುತ್ತ ಉಳಿದದ್ದನ್ನು ಅದಕ್ಕೆ ಹೊಂದಿಸಲು ಒದ್ದಾಡುತ್ತಿದ್ದರು. ಅವತ್ತು ಬಿಡಿಸಿ ಮುಗಿಸಿದಾಗ ನನ್ನ ಕಣ್ಣು ತುಂಬಿ ಬಂತು. ದೂಳು ಬೆರೆತ ಬೆಳಕು, ಎತ್ತರದಲ್ಲಿ ಒಂದೇ ಒಂದು ಕೆಂಪಾದ ಮೋಡ. ಪ್ರಾಸ್ಪರಿನಲ್ಲಿ ಸಂಜೆ ಹಾಲು ತರಲು ಹೊರಟಾಗ ಕಾಣುವುದು ಅದೇ. "ಅಂಕಲ್, ಬಂತಲ್ಲ!" ಎಂದೆ. ಅವರು ಹಿಂದೆ ಸರಿದು, ಕತ್ತು ಓರೆ ಮಾಡಿ ಬಹಳ ಹೊತ್ತು ನೋಡಿ, "ಇಲ್ಲ ತಂಗೀ. ಇದು ಅಲ್ಲ. ಇನ್ನೂ ಅವನ ಕೈ ಅದ ಇದರಾಗ. ಮತ್ತ ಬಂದು ತಗೀತೀನಿ" ಎಂದು ಕುಂಚ ಒರೆಸಿಕೊಂಡರು. ಮತ್ತೆ ಬರಲಾಗಲಿಲ್ಲ.

ಕರ್ಮಗಳೆಲ್ಲ ಮುಗಿದು ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ ಬೆಲ್ ಆಯಿತು. ಬಾಗಿಲಲ್ಲಿ ಆಂಟಿ, ಒಬ್ಬರೇ. ಹೈವೇ ಎಂದರೆ ಹೆದರುತ್ತಿದ್ದ ಹೆಂಗಸು ತಾವೇ ಡ್ರೈವ್ ಮಾಡಿಕೊಂಡು ಬಂದಿದ್ದರು. ನೀರು ಕೊಟ್ಟೆ. ಕುಡಿಯದೆ ನೇರ ಚಿತ್ರದ ಮುಂದೆ ಹೋಗಿ ನಿಂತರು.

"ಅವರು ಹೋಗೂ ವಾರ ಒಂದಿನ ಮುಂಜಾನೆ ಎಲ್ಲೋ ಹೋಗಿ ರಾತ್ರಿಗೆ ಬಂದ್ರು" ಎಂದರು. "ಸಿಂಕಿನ್ಯಾಗ ಬ್ರಶ್ ತೊಳಕೋತ, 'ಒಂದು ಬಂತು ನೋಡು' ಅಂದ್ರು. ಯಾರ ಮನೀದ್ರಿ ಅಂದೆ. 'ಈಗ ಹೇಳೂದಿಲ್ಲ, ರವಿವಾರ ಕರಕೊಂಡು ಹೋಗಿ ತೋರಸ್ತೀನಿ' ಅಂದ್ರು. ರವಿವಾರ ಬರ್ಲೇ ಇಲ್ಲ ತಂಗಿ."

ನಾನು ಅವರ ಪಕ್ಕ ನಿಂತೆ.

"ಮರ್ಫ್ಯಾಗಿನ ನಮ್ಮವರ ಮನೀಗೆಲ್ಲಾ ಹೋಗಿ ಬಂದೆ. ಇಲ್ಲೆ ಪ್ರಾಸ್ಪರ್‌ನಾಗೂ ಆತು. ಎಲ್ಲಾರೂ 'ನಮ್ಮದೇ ಇರಬೇಕು ಆಂಟಿ' ಅಂತಾರ. ನನಗ ಸಮಾಧಾನ ಆಗ್ಲಿ ಅಂತ ಪ್ರೀತಿಲೆ ಅಂತಾರ, ಗೊತ್ತಾಗ್ತದ. ಆದ್ರ ಅವರು ಒಂದ ಅಂದಿದ್ರು." ಚಿತ್ರದ ಮೇಲಿನ ಕೆಂಪು ಮೋಡವನ್ನು ನೋಡುತ್ತಿದ್ದ ಹಾಗೇ ಅವರ ದನಿ ಒಡೆಯಿತು. "ಇದು ಎಷ್ಟು ಛಲೋ ಅದ. ನಿಮ್ಮದ ಏನು?"

ಹೌದು ಎಂದುಬಿಡಬೇಕು ಎಂದು ಅನ್ನಿಸಿತು. ಹೌದು ಎಂದರೆ ಅವರು ನಮ್ಮ ಸೋಫಾದ ಮೇಲೆ ಕೂತು ಮನಸಾರೆ ಅತ್ತು, ಹಗುರಾಗಿ ಮನೆಗೆ ಹೋಗುತ್ತಿದ್ದರು. ನನಗೂ ಅದೇ ಬೇಕಿತ್ತು. ಊರಿಗೆಲ್ಲ ನಮ್ಮ ಮನೆಯದೇ ಆ ಚಿತ್ರ ಎಂದು ಹೇಳಿಕೊಳ್ಳುವ ಆಸೆ ನನಗೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ.

"ಅಲ್ಲ ಆಂಟಿ" ಎಂದೆ. "ಇದು ಅಲ್ಲ ಅಂತ ಅಂಕಲ್ಲೇ ನನ್ ಹತ್ರ ಹೇಳಿದ್ರು. ಇಲ್ಲೇ ನಿಂತ್ಕೊಂಡು."

ಆಂಟಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನ್ನ ಎರಡೂ ಕೈ ಹಿಡಿದು, "ನೀವೊಬ್ಬರರೆ ಖರೇ ಹೇಳಿದ್ರಿ. ಹಂಗಾರ ಹುಡುಕೂದು ಒಂದು ಕಡಿಮಿ ಆತು" ಎಂದರು. ಈಗ ನೀರನ್ನು ಗಟಗಟ ಕುಡಿದು, ಲೋಟ ಕೆಳಗಿಟ್ಟು, ಬ್ಯಾಗ್ ಹೆಗಲಿಗೆ ಹಾಕಿಕೊಂಡರು.

"ಸೈಪ್ರೆಸ್‌ಗೆ ಹೆಂಗ ಹೋಗ್ಬೇಕು, ಫೋನ್‌ನಾಗ ಹಾಕಿ ಕೊಡ್ರಿ ತಂಗಿ. ಈಗ ಹೊಂಟ್ರ, ನಾ ಮುಟ್ಟೂದ್ರಾಗ ಬೆಳಕು ಇರ್ತದೇನು?"